‘ತನ್ನನ್ನು’ ಎಂದರೆ ಯಾರನ್ನು? ಆತ್ಮಾರ್ಥಕ ಸರ್ವನಾಮವೂ ಕ್ರಿಯಾಪದದ ‘ಕೊಳ್ಳು’ವೂ

ಪ್ರಶ್ನೆ: ಭಾಷಾವಿಜ್ಞಾನದ ಎಂ.ಎ. ವಿದ್ಯಾರ್ಥಿ ನಾನು. ರಿಫ್ಲೆಕ್ಸಿವ್ (ಇಂಗ್ಲಿಷಿನ ‘ಹಿಮ್‌ಸೆಲ್ಫ್’ನಂಥ) ಸರ್ವನಾಮ ಯಾರನ್ನು ಸೂಚಿಸುತ್ತದೋ ಆ ನಾಮಪದ ಅದೇ ಉಪವಾಕ್ಯದೊಳಗೆ ಇರಬೇಕು ಎಂದು ಬೈಂಡಿಂಗ್ ಸಿದ್ಧಾಂತದ ಪಾಠದಲ್ಲಿ ಓದಿದೆವು. ಶಾಲೆಯ ವ್ಯಾಕರಣ ‘ತಾನು’ವನ್ನು ಆತ್ಮಾರ್ಥಕ ಸರ್ವನಾಮ ಎನ್ನುತ್ತದೆ. ಆದರೆ ‘ಹರಿ ತನ್ನನ್ನು ಹೊಗಳಿದ ಎಂದು ರಾಜು ಹೇಳಿದ’ ಎಂದಾಗ ಹೊಗಳಿಕೆ ಸಿಕ್ಕಿದ್ದು ರಾಜುವಿಗೆ, ಹರಿಗಲ್ಲ. ಸಿದ್ಧಾಂತ ಕನ್ನಡಕ್ಕೆ ಹೊಂದುವುದಿಲ್ಲವೆ? ‘ತಾನು’ ರಿಫ್ಲೆಕ್ಸಿವ್ ಅಲ್ಲವೆ? ಕಿರುಪ್ರಬಂಧಕ್ಕೆ ಇದನ್ನು ಹೇಗೆ ಪರೀಕ್ಷಿಸಬಹುದು?

ಉತ್ತರ: ನಿಮ್ಮ ವಾಕ್ಯವನ್ನೇ ಇಟ್ಟುಕೊಂಡು ಒಂದು ಕಡೆ ಮಾತ್ರ ಬದಲಿಸಿ ನೋಡಿ.

(1) ಹರಿ ತನ್ನನ್ನು ಹೊಗಳಿದ ಎಂದು ರಾಜು ಹೇಳಿದ.
(2) ಹರಿ ತನ್ನನ್ನು ಹೊಗಳಿಕೊಂಡ ಎಂದು ರಾಜು ಹೇಳಿದ.

ಮೊದಲನೆಯದರಲ್ಲಿ ಹೊಗಳಿಕೆ ರಾಜುವಿನ ಪಾಲಿಗೆ; ಎರಡನೆಯದರಲ್ಲಿ ಹರಿಯ ಪಾಲಿಗೆ. ಸರ್ವನಾಮ ಎರಡರಲ್ಲೂ ‘ತನ್ನನ್ನು’ ಎಂದೇ ಇದೆ, ಪದಗಳ ಕ್ರಮವೂ ಅದೇ. ಬದಲಾದದ್ದು ಕ್ರಿಯಾಪದ: ‘ಹೊಗಳಿದ’ ಹೋಗಿ ‘ಹೊಗಳಿಕೊಂಡ’ ಬಂತು. ಕರ್ತೃವೂ ಕರ್ಮವೂ ಒಬ್ಬನೇ ಎಂದು ಸಾರುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ಹಿಮ್‌ಸೆಲ್ಫ್’ ಒಂದೇ ಹೊರುತ್ತದೆ. ಕನ್ನಡದಲ್ಲಿ ಆ ಹೊರೆ ಹೆಚ್ಚಾಗಿ ಕ್ರಿಯಾಪದದ ಮೇಲಿದೆ. ಬರೀ ‘ತಾನು’ವಿನ ಕೆಲಸ ಬೇರೆ. ಆದ್ದರಿಂದ ಸಿದ್ಧಾಂತ ಹೇಳುವ ‘ಅನಾಫರ್’ (ಅರ್ಥಕ್ಕಾಗಿ ಹತ್ತಿರದ ನಾಮಪದವನ್ನೇ ನೆಚ್ಚುವ ಪದ) ಎಂಬ ಖಾನೆಗೆ ‘ತಾನು’ವನ್ನು ಹಾಗೇ ತುಂಬಿಬಿಟ್ಟರೆ ಸಿದ್ಧಾಂತ ಸೋತಂತೆ ಕಾಣುತ್ತದೆ. ಸೋತದ್ದು ನಾವು ಮಾಡಿದ ವಿಂಗಡಣೆ.

ಸಿದ್ಧಾಂತ ನಿಜಕ್ಕೂ ಏನು ಹೇಳುತ್ತದೆ ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. 1963ರಲ್ಲಿ ಭಾಷಾವಿಜ್ಞಾನಿಗಳಾದ ಲೀಸ್ ಮತ್ತು ಕ್ಲೀಮಾ ಒಂದು ಸರಳ ಸೂತ್ರ ಕೊಟ್ಟಿದ್ದರು: ಒಂದೇ ಸರಳ ವಾಕ್ಯದಲ್ಲಿ ಒಂದೇ ನಾಮಪದ ಎರಡು ಸಲ ಬಂದರೆ ಎರಡನೆಯದು ರಿಫ್ಲೆಕ್ಸಿವ್ ಆಗಿ ಮಾರ್ಪಡುತ್ತದೆ. ಇದು ಉಳಿಯಲಿಲ್ಲ. ಯಾಕೆಂದು ಕನ್ನಡದಲ್ಲೇ ಕಾಣಬಹುದು. ‘ಪ್ರತಿಯೊಬ್ಬನೂ ಪ್ರತಿಯೊಬ್ಬನನ್ನೂ ಹೊಗಳಿದ’ ಎನ್ನುವುದೂ ‘ಪ್ರತಿಯೊಬ್ಬನೂ ತನ್ನನ್ನು ತಾನೇ ಹೊಗಳಿಕೊಂಡ’ ಎನ್ನುವುದೂ ಒಂದೇ ಅಲ್ಲ. ಹತ್ತು ಜನರಿದ್ದರೆ ಮೊದಲನೆಯದಕ್ಕೆ ನೂರು ಹೊಗಳಿಕೆ ಬೇಕು, ಎರಡನೆಯದಕ್ಕೆ ಹತ್ತೇ ಸಾಕು. ಅಂದರೆ ರಿಫ್ಲೆಕ್ಸಿವ್ ಎಂಬುದು ನಾಮಪದದ ನಕಲಲ್ಲ. ಅದು ತನ್ನ ಅರ್ಥಕ್ಕಾಗಿ ಇನ್ನೊಂದು ನಾಮಪದವನ್ನು ಅವಲಂಬಿಸುವ ಸ್ವತಂತ್ರ ಪದ. ಹಾಗೆ ಅರ್ಥ ಕೊಡುವ ನಾಮಪದವನ್ನು ಇಲ್ಲಿ ಪೂರ್ವಗಾಮಿ ಎಂದು ಕರೆಯುತ್ತೇನೆ.

1981ರಲ್ಲಿ ಚಾಮ್‌ಸ್ಕಿ ಈ ಅವಲಂಬನೆಯನ್ನು ಮೂರು ನಿಯಮಗಳಲ್ಲಿ ಹಿಡಿದಿಟ್ಟರು. ಎ ನಿಯಮ: ಅನಾಫರ್ ತನ್ನ ಹತ್ತಿರದ ವಲಯದೊಳಗೇ (ಸರಳವಾಗಿ ಹೇಳಿದರೆ, ತನ್ನದೇ ಉಪವಾಕ್ಯದೊಳಗೇ) ಬದ್ಧವಾಗಿರಬೇಕು. ಬಿ ನಿಯಮ: ಸಾಮಾನ್ಯ ಸರ್ವನಾಮ ಅದೇ ವಲಯದೊಳಗೆ ಬದ್ಧವಾಗಿರಬಾರದು. ಸಿ ನಿಯಮ: ಹರಿ, ರಾಜು, ಮೇಷ್ಟ್ರು ಇಂಥ ಪೂರ್ಣ ನಾಮಪದಗಳು ಎಲ್ಲಿಯೂ ಬದ್ಧವಾಗಿರಬಾರದು. ‘ಬದ್ಧ’ ಎನ್ನುವುದಕ್ಕೆ ಎರಡು ಷರತ್ತು. ಎರಡೂ ಪದಗಳು ಒಬ್ಬನನ್ನೇ ಸೂಚಿಸಬೇಕು, ಜೊತೆಗೆ ಪೂರ್ವಗಾಮಿ ವಾಕ್ಯವೃಕ್ಷದಲ್ಲಿ ಸರ್ವನಾಮವನ್ನು ಸಿ-ಕಮಾಂಡ್ ಮಾಡಬೇಕು, ಅಂದರೆ ಪೂರ್ವಗಾಮಿಯಿಂದ ಮೇಲೆ ಹತ್ತಿದಾಗ ಸಿಗುವ ಮೊದಲ ಕವಲಿನ ಕೆಳಗೆ ಸರ್ವನಾಮ ಇರಬೇಕು. ಈ ಎರಡನೆಯ ಷರತ್ತನ್ನು ಈಗಿನ ರೂಪಕ್ಕೆ ತಂದವರು ತಾನ್ಯಾ ರೈನ್‌ಹಾರ್ಟ್, ತಮ್ಮ 1976ರ ಪಿಎಚ್.ಡಿ. ಪ್ರಬಂಧದಲ್ಲಿ.

ಸಿ-ಕಮಾಂಡನ್ನು ವ್ಯಾಖ್ಯೆಯಾಗಿ ಬಾಯಿಪಾಠ ಮಾಡುವುದಕ್ಕಿಂತ ಒಂದು ಸಲ ಕೈಯಾರೆ ಮಾಡಿ ನೋಡಿ. ‘ಹರಿಯ ಅಣ್ಣ ತನ್ನನ್ನು ತಾನೇ ಹೊಗಳಿಕೊಂಡ’ ಎಂಬ ವಾಕ್ಯ ತೆಗೆದುಕೊಳ್ಳಿ. ವೃಕ್ಷದ ತುದಿಯಲ್ಲಿ ವಾಕ್ಯ. ಅದರಿಂದ ಎರಡು ಕವಲು: ಒಂದು ಕಡೆ ‘ಹರಿಯ ಅಣ್ಣ’ ಎಂಬ ನಾಮಗುಚ್ಛ, ಇನ್ನೊಂದು ಕಡೆ ‘ತನ್ನನ್ನು ತಾನೇ ಹೊಗಳಿಕೊಂಡ’ ಎಂಬ ಕ್ರಿಯಾಗುಚ್ಛ. ಈಗ ‘ಹರಿಯ’ ಎಂಬಲ್ಲಿಂದ ಮೇಲಕ್ಕೆ ಹತ್ತಿ. ಸಿಗುವ ಮೊದಲ ಕವಲಿನ ಗಂಟು ‘ಹರಿಯ ಅಣ್ಣ’ ಎಂಬ ನಾಮಗುಚ್ಛವೇ. ಅದರ ಕೆಳಗೆ ‘ತನ್ನನ್ನು’ ಇಲ್ಲ, ಹಾಗಾಗಿ ಹರಿ ಅದನ್ನು ಸಿ-ಕಮಾಂಡ್ ಮಾಡುವುದಿಲ್ಲ. ಇಡೀ ‘ಹರಿಯ ಅಣ್ಣ’ದಿಂದ ಹತ್ತಿದರೆ ಮೊದಲ ಗಂಟು ವಾಕ್ಯ. ಅದರ ಕೆಳಗೆ ‘ತನ್ನನ್ನು’ ಇದೆ. ಆದ್ದರಿಂದ ಹೊಗಳಿಸಿಕೊಂಡವನು ಅಣ್ಣನೇ ಹೊರತು ಹರಿಯಾಗಲಾರ. ಕನ್ನಡ ಬಲ್ಲ ಯಾರನ್ನು ಕೇಳಿದರೂ ಇದೇ ಉತ್ತರ ಬರುತ್ತದೆ.

ಪದಗಳ ಹಿಂದುಮುಂದು ಇಲ್ಲಿ ಲೆಕ್ಕಕ್ಕಿಲ್ಲ ಎಂಬುದನ್ನು ಕನ್ನಡ ಇಂಗ್ಲಿಷಿಗಿಂತ ಚೆನ್ನಾಗಿ ತೋರಿಸುತ್ತದೆ. ‘ತನ್ನ ಮಗನನ್ನು ರಾಜು ಶಾಲೆಗೆ ಬಿಟ್ಟ’ ಎನ್ನುವಲ್ಲಿ ಸರ್ವನಾಮ ಮೊದಲು, ರಾಜು ಆಮೇಲೆ. ಆದರೂ ತನ್ನ ಎಂದರೆ ರಾಜುವೇ, ಯಾಕೆಂದರೆ ಕರ್ಮ ಮುಂದಕ್ಕೆ ಬಂದಿದ್ದರೂ ಅದರ ಮೂಲ ಜಾಗ ಕರ್ತೃವಿನ ಕೆಳಗೆ. ‘ತನ್ನ ಮಗ ರಾಜುವನ್ನು ಬೈದ’ ಎಂದು ನೋಡಿ. ಇಲ್ಲಿ ತನ್ನ ಎಂದರೆ ರಾಜು ಎನ್ನಲು ಆಗದು. ಕರ್ಮವಾಗಿ ಕೆಳಗಿರುವ ರಾಜು ಮೇಲಿರುವ ಕರ್ತೃವಿನೊಳಗಿನ ಪದವನ್ನು ಕಟ್ಟಲಾರ. ಆ ಅರ್ಥ ಬೇಕಾದರೆ ‘ರಾಜುವನ್ನು ಅವನ ಮಗ ಬೈದ’ ಎನ್ನಬೇಕು.

ಇಷ್ಟರ ಮಟ್ಟಿಗೆ ಸಿದ್ಧಾಂತ ಕನ್ನಡದಲ್ಲಿ ಸಲೀಸಾಗಿ ನಡೆಯುತ್ತದೆ. ತೊಡಕು ಬರುವುದು ‘ಹತ್ತಿರದ ವಲಯ’ ಎಂಬಲ್ಲಿ.

(3) ಹರಿ ತನ್ನನ್ನು ಹೊಗಳಿದ. (ತನ್ನ = ಹರಿ ಎಂಬ ಅರ್ಥದಲ್ಲಿ ಸರಿಯಿಲ್ಲ)
(4) ಹರಿ ತನ್ನನ್ನು ಹೊಗಳಿಕೊಂಡ. (ಸರಿ)
(5) ಹರಿ ತನ್ನನ್ನು ತಾನೇ ಹೊಗಳಿದ. (ಸರಿ)
(6) ಹರಿ ತನ್ನನ್ನು ತಾನೇ ಹೊಗಳಿಕೊಂಡ. (ಸರಿ, ಮಾತಿನಲ್ಲಿ ಅತಿ ಸಹಜ)

(3)ನ್ನು ಓದಿದವರು ‘ಯಾರನ್ನು?’ ಎಂದು ಕೇಳುತ್ತಾರೆ. ವಾಕ್ಯ ಅರ್ಧದಲ್ಲಿ ನಿಂತ ಹಾಗೆ, ಮೇಲೆ ‘ಎಂದು ರಾಜು ಹೇಳಿದ’ ಎನ್ನುವಂಥದ್ದೇನೋ ಬಾಕಿ ಇರುವ ಹಾಗೆ ಕೇಳಿಸುತ್ತದೆ. ಬರೀ ‘ತನ್ನನ್ನು’ ತನ್ನದೇ ಕ್ರಿಯಾಪದದ ಕರ್ತೃವನ್ನು ಒಲ್ಲದು, ದೂರದ ಕರ್ತೃವನ್ನು ಹುಡುಕುತ್ತದೆ. ಇದು ಎ ನಿಯಮ ಹೇಳುವುದಕ್ಕೆ ನೇರ ವಿರುದ್ಧ. ಸರಿಯಾಗಿ ನೋಡಿದರೆ ಬಿ ನಿಯಮದ ನಡತೆ. ಮಲಯಾಳದ ‘ತಾನ್’ ಕೂಡ ಹೀಗೇ ನಡೆಯುತ್ತದೆ ಎಂದು ಕೆ.ಪಿ. ಮೋಹನನ್ 1980ರ ದಶಕದ ಆರಂಭದಲ್ಲೇ ತೋರಿಸಿದ್ದರು. ಕನ್ನಡದ ಬಗ್ಗೆ ಆರ್. ಅಮೃತವಲ್ಲಿ ಮತ್ತು ಜೆಫ್ರಿ ಲಿಡ್ಜ್ ವಿವರವಾಗಿ ಕೆಲಸ ಮಾಡಿದ್ದಾರೆ. ಪ್ರಬಂಧ ಶುರು ಮಾಡುವ ಮೊದಲು ಇವರಿಬ್ಬರ ಬರಹಗಳನ್ನು ಓದಲೇಬೇಕು.

ಎ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ರೂಪವೂ ಕನ್ನಡದಲ್ಲಿದೆ. ಅದು ‘ತನ್ನನ್ನು ತಾನು’ ಎಂಬ ಜೋಡಿ. ‘ಹರಿ ತನ್ನನ್ನು ತಾನೇ ಹೊಗಳಿಕೊಂಡ ಎಂದು ರಾಜು ಹೇಳಿದ’ ಎಂಬಲ್ಲಿ ರಾಜುವನ್ನು ಎಷ್ಟು ಎಳೆದರೂ ಒಳಗೆ ತರಲು ಆಗುವುದಿಲ್ಲ. ಹಾಗಾಗಿ ಪಠ್ಯದ ‘ಅನಾಫರ್’ ಖಾನೆಗೆ ಕನ್ನಡದಿಂದ ಹೋಗಬೇಕಾದದ್ದು ಈ ಜೋಡಿ.

ಜೋಡಿಯನ್ನು ಬಿಚ್ಚಿ ನೋಡಿದರೆ ಇನ್ನೊಂದು ಸಂಗತಿ ಸಿಗುತ್ತದೆ, ಮತ್ತು ಇದು ನನಗೆ ಇಡೀ ವಿಷಯದಲ್ಲೇ ಅತ್ಯಂತ ಸೊಗಸಾದ ಭಾಗ. ಮೊದಲ ಪದಕ್ಕೆ ಅದರ ಜಾಗದ ವಿಭಕ್ತಿ ಬರುತ್ತದೆ: ತನ್ನನ್ನು ತಾನೇ, ತನಗೆ ತಾನೇ, ತನ್ನ ಮೇಲೆ ತಾನೇ. ಎರಡನೆಯ ಪದದ ವಿಭಕ್ತಿ ಎಲ್ಲಿಂದ ಬಂತು? ಈ ಎರಡನ್ನು ಪಕ್ಕಪಕ್ಕ ಇಡಿ.

(7) ಹರಿ ತನ್ನ ಮೇಲೆ ತಾನೇ ಕೋಪ ಮಾಡಿಕೊಂಡ.
(8) ಹರಿಗೆ ತನ್ನ ಮೇಲೆ ತನಗೇ ಕೋಪ ಬಂತು.

(7)ರಲ್ಲಿ ಕರ್ತೃ ಪ್ರಥಮಾ ವಿಭಕ್ತಿಯಲ್ಲಿದೆ, ಜೋಡಿಯ ಎರಡನೆಯ ಪದವೂ ಪ್ರಥಮಾ: ‘ತಾನೇ’. (8)ರಲ್ಲಿ ಅನುಭವಿಸುವವನು ಚತುರ್ಥಿಯಲ್ಲಿದ್ದಾನೆ, ಎರಡನೆಯ ಪದವೂ ಚತುರ್ಥಿಗೆ ತಿರುಗಿ ‘ತನಗೇ’ ಆಯಿತು. ‘ಹರಿಗೆ ತನ್ನ ಮೇಲೆ ತಾನೇ ಕೋಪ ಬಂತು’ ಎಂದರೆ ಕಿವಿಗೆ ಎಡವುತ್ತದೆ. ಅಂದರೆ ಜೋಡಿಯ ಒಂದು ಕಾಲು ಕರ್ಮದ ಜಾಗದಲ್ಲಿದೆ, ಇನ್ನೊಂದು ಕಾಲು ಪೂರ್ವಗಾಮಿಯ ವಿಭಕ್ತಿಯನ್ನೇ ಹೊತ್ತಿದೆ. ಪೂರ್ವಗಾಮಿಗೂ ಸರ್ವನಾಮಕ್ಕೂ ನಡುವಿನ ಕೊಂಡಿ ಎಷ್ಟೋ ಭಾಷೆಗಳಲ್ಲಿ ಕಣ್ಣಿಗೆ ಕಾಣುವುದಿಲ್ಲ, ಸಿದ್ಧಾಂತಿಗಳು ಅದನ್ನು ಊಹಿಸಬೇಕಾಗುತ್ತದೆ. ನಮ್ಮಲ್ಲಿ ಅದು ಪ್ರತ್ಯಯವಾಗಿ ಮೇಲೆಯೇ ಕುಳಿತಿದೆ. ತೆಲುಗಿನಲ್ಲೂ ಇಂಥದೇ ವಿಭಕ್ತಿ ನಕಲು ಇದೆ. ನಿಮ್ಮ ಪ್ರಬಂಧಕ್ಕೆ ಒಂದೇ ಒಂದು ಅಧ್ಯಾಯದ ಜಾಗ ಇದ್ದರೆ ಅದನ್ನು ಇದಕ್ಕೆ ಕೊಡಿ ಎನ್ನುತ್ತೇನೆ.

ಇದೇ ಜೋಡಿ ವಾಕ್ಯದಲ್ಲಿ ಇನ್ನೊಂದನ್ನೂ ಗಮನಿಸಿ. (8)ರಲ್ಲಿ ‘ಕೊಳ್ಳು’ ಇಲ್ಲ, ತರಲೂ ಆಗದು. ‘ಕೋಪ ಬಂದುಕೊಂಡಿತು’ ಎಂದು ಯಾರೂ ಹೇಳುವುದಿಲ್ಲ. ಚತುರ್ಥಿ ಕರ್ತೃ ಇರುವಲ್ಲಿ ‘ಕೊಳ್ಳು’ವಿಗೆ ಪ್ರವೇಶವಿಲ್ಲ. ಆದರೆ ಸರ್ವನಾಮಕ್ಕೆ ಚತುರ್ಥಿ ಕರ್ತೃ ಪೂರ್ವಗಾಮಿಯಾಗಲು ಯಾವ ಅಡ್ಡಿಯೂ ಇಲ್ಲ. ‘ಹರಿಗೆ ತನ್ನ ಊರು ನೆನಪಾಯಿತು’ ಎಂಬಲ್ಲಿ ಕ್ರಿಯಾಪದ ಹೊಂದಿಕೊಂಡಿರುವುದು ಊರಿನೊಂದಿಗೆ, ಆದರೂ ತನ್ನ ಎಂದರೆ ಹರಿ. ಪೂರ್ವಗಾಮಿಯನ್ನು ಗುರುತಿಸುವಾಗ ಕ್ರಿಯಾಪದದ ಲಿಂಗವಚನ ನೋಡಿ ಕರ್ತೃವನ್ನು ಆರಿಸಿದರೆ ಎಡವುತ್ತೀರಿ ಎಂಬುದಕ್ಕೆ ಇದು ಸಾಕ್ಷಿ. ವೃಕ್ಷದಲ್ಲಿ ಮೇಲಿರುವವನು ಯಾರು ಎಂಬುದೇ ಮುಖ್ಯ.

ಮೇಲಿದ್ದರೂ ಸಾಲದು, ಕರ್ತೃವಾಗಿಯೇ ಇರಬೇಕು. ‘ರಾಜು ಹರಿಗೆ ತನ್ನ ಫೋಟೋ ತೋರಿಸಿದ’ ಎಂದರೆ ಫೋಟೋ ರಾಜುವಿನದು. ಹರಿಯದು ಎಂಬ ಅರ್ಥ ಬೇಕಿದ್ದರೆ ‘ಹರಿಗೆ ಅವನ ಫೋಟೋ’ ಎನ್ನಬೇಕು. ಇಂಗ್ಲಿಷಿನ ‘ಹಿಮ್‌ಸೆಲ್ಫ್’ಗೆ ಈ ಕಟ್ಟು ಇಲ್ಲ, ಅದು ಕರ್ಮವನ್ನೂ ಹಿಡಿಯಬಲ್ಲದು. ಚೀನೀ ಭಾಷೆಯ ‘ಝೀಜಿ’, ಜಪಾನೀ ‘ಝಿಬುನ್’, ಐಸ್‌ಲ್ಯಾಂಡಿನ ‘ಸಿಗ್’ ಇವೆಲ್ಲ ನಮ್ಮ ‘ತಾನು’ವಿನ ಹಾಗೆ ದೂರಕ್ಕೆ ಹೋಗುತ್ತವೆ, ಕರ್ತೃವನ್ನೇ ಮುಖ್ಯವಾಗಿ ಹುಡುಕುತ್ತವೆ. ಜೋಡಿಯಲ್ಲದ ಇಂಥ ಸರಳ ರೂಪಗಳಿಗೂ ದೂರದ ಬಂಧಕ್ಕೂ ಇರುವ ಈ ನಂಟನ್ನು 1980ರ ದಶಕದಿಂದಲೂ ಚರ್ಚಿಸುತ್ತ ಬಂದಿದ್ದಾರೆ.

ಈಗ ‘ಕೊಳ್ಳು’. 1993ರಲ್ಲಿ ರೈನ್‌ಹಾರ್ಟ್ ಮತ್ತು ಎರಿಕ್ ರೂಲಂಡ್ ಬೈಂಡಿಂಗನ್ನು ನಾಮಪದದ ಕಡೆಯಿಂದ ಕ್ರಿಯಾಪದದ ಕಡೆಗೆ ತಿರುಗಿಸಿದರು. ಅವರ ಪ್ರಕಾರ ಒಂದು ಕ್ರಿಯೆಯ ಎರಡು ಕಾರಕಗಳು (ಕರ್ತೃ, ಕರ್ಮದಂಥವು) ಒಬ್ಬನನ್ನೇ ಸೂಚಿಸಿದರೆ ಆ ಕ್ರಿಯೆ ಆತ್ಮಾರ್ಥಕ. ಆತ್ಮಾರ್ಥಕ ಕ್ರಿಯೆಗೆ ಎಲ್ಲಾದರೊಂದು ಕಡೆ ಗುರುತು ಬೀಳಬೇಕು, ಕ್ರಿಯಾಪದದ ಮೇಲೋ ಸರ್ವನಾಮದ ಮೇಲೋ. ಡಚ್ ಭಾಷೆಯಲ್ಲಿ ‘ಝಿಖ್’ ಬರೀ ಸರ್ವನಾಮ, ‘ಝಿಖ್‌ಝೆಲ್ಫ್’ ಗುರುತು ಹೊತ್ತದ್ದು. ಕನ್ನಡಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. (3)ರಲ್ಲಿ ಯಾವ ಗುರುತೂ ಇಲ್ಲ, ವಾಕ್ಯ ಬಿತ್ತು. (4)ರಲ್ಲಿ ಕ್ರಿಯಾಪದದ ಮೇಲೆ, (5)ರಲ್ಲಿ ಸರ್ವನಾಮದ ಮೇಲೆ ಗುರುತಿದೆ, ವಾಕ್ಯ ನಿಂತಿತು. ಉತ್ತಮ ಪುರುಷದಲ್ಲೂ ಇದೇ ಕತೆ: ‘ನಾನು ನನ್ನನ್ನು ಹೊಗಳಿದೆ’ ಸರಿಯಿಲ್ಲ, ‘ನಾನು ನನ್ನನ್ನು ಹೊಗಳಿಕೊಂಡೆ’ ಸರಿ. ಅಲ್ಲಿ ‘ತಾನು’ ಇಲ್ಲವೇ ಇಲ್ಲ, ಸಾಮಾನ್ಯ ‘ನಾನು’ವೇ ಇರುವುದು. ಕೆಲಸ ಮಾಡುತ್ತಿರುವುದು ಕ್ರಿಯಾಪದ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ. ಎರಡು ಪದ ಒಂದೇ ಕ್ರಿಯೆಯ ಕಾರಕಗಳಲ್ಲದಿದ್ದರೆ ಗುರುತಿನ ಅಗತ್ಯವೂ ಇಲ್ಲ. ‘ಹರಿ ತನ್ನ ಪಕ್ಕದಲ್ಲಿ ಹಾವು ನೋಡಿದ’, ‘ಹರಿ ತನ್ನ ಪುಸ್ತಕ ಕಳೆದ’ ಇವುಗಳಲ್ಲಿ ಬರೀ ‘ತನ್ನ’ ಹತ್ತಿರದ ಕರ್ತೃವನ್ನೇ ಹಿಡಿದರೂ ತೊಂದರೆಯಿಲ್ಲ.

ಆದರೆ ಇಲ್ಲಿಗೆ ಕೈತೊಳೆದುಕೊಳ್ಳಬೇಡಿ. ಲಿಡ್ಜ್ 2001ರಲ್ಲಿ ಎತ್ತಿದ ಆಕ್ಷೇಪಣೆ ಗಟ್ಟಿಯಾಗಿದೆ. ಎರಡು ಗುರುತುಗಳ ಅರ್ಥ ಒಂದೇ ಅಲ್ಲ. ಅದಕ್ಕೆ ಮೇಣದ ಪ್ರತಿಮೆಯ ಪರೀಕ್ಷೆ ಇದೆ. ಇಂಥ ಉದಾಹರಣೆಗಳನ್ನು ಮೊದಲು ಚರ್ಚೆಗೆ ತಂದವರು ರೇ ಜಾಕೆಂಡಾಫ್, 1992ರಲ್ಲಿ. ಪ್ರಸಿದ್ಧ ನಟ ಹರಿ ಮ್ಯೂಸಿಯಮ್ಮಿಗೆ ಹೋಗಿ ಅಲ್ಲಿರುವ ತನ್ನ ಮೇಣದ ಪ್ರತಿಮೆಗೆ ಹೊಡೆದ ಎಂದುಕೊಳ್ಳಿ. ‘ಹರಿ ತನ್ನನ್ನು ತಾನೇ ಹೊಡೆದ’ ಎಂದು ಆ ಘಟನೆಯನ್ನು ಹೇಳಬಹುದು. ‘ಹರಿ ತನ್ನನ್ನು ಹೊಡೆದುಕೊಂಡ’ ಎನ್ನಲು ಆಗುವುದಿಲ್ಲ. ಪೆಟ್ಟು ಅವನ ಮೈಗೇ ಬೀಳಬೇಕು. ‘ಕೊಳ್ಳು’ ಒತ್ತಾಯಿಸುವುದು ಇಬ್ಬರೂ ಒಬ್ಬನೇ ಎಂಬ ಪೂರ್ತಿ ಅಭೇದವನ್ನು. ಜೋಡಿ ಸರ್ವನಾಮ ಪ್ರತಿಮೆ, ಧ್ವನಿಮುದ್ರಣ, ವಿಡಿಯೋದಲ್ಲಿನ ರೂಪ ಇವುಗಳಿಗೂ ಜಾಗ ಬಿಡುತ್ತದೆ. ಎರಡೂ ಗುರುತುಗಳನ್ನು ಒಂದೇ ಎಂದು ಎಣಿಸುವ ಸಿದ್ಧಾಂತಕ್ಕೆ ಈ ವ್ಯತ್ಯಾಸ ಹೇಳಲು ಬಾಯಿಲ್ಲ.

ಇನ್ನೊಂದು ತೊಡಕು ‘ಕೊಳ್ಳು’ವಿನ ವ್ಯಾಪ್ತಿಯದು. ‘ಅಡುಗೆ ಮಾಡಿಕೊಂಡ’ (ತನಗಾಗಿ), ‘ಬಾಗಿಲು ಮುಚ್ಚಿಕೊಂಡಿತು’ (ಯಾರೂ ಮುಚ್ಚಲಿಲ್ಲ), ‘ಹಾಡಿಕೊಂಡು ಬಂದ’ (ಜೊತೆಜೊತೆಗೆ), ‘ಕುಳಿತುಕೊಂಡ’ (ಮೈಯ ಭಂಗಿ), ‘ಅಂದುಕೊಂಡ’ (ಹೇಳುವುದು ಯೋಚಿಸುವುದಾಯಿತು). ಇವು ಯಾವುದರಲ್ಲೂ ಕರ್ಮ ಕರ್ತೃವೇ ಆಗಿಲ್ಲ. ಬಾಗಿಲು ತನ್ನನ್ನು ಮುಚ್ಚಿಕೊಂಡಿತು ಎಂದರೆ ಮಕ್ಕಳ ಕತೆಯ ಬಾಗಿಲಾಗುತ್ತದೆ. ಆದ್ದರಿಂದ ‘ಕೊಳ್ಳು’ = ರಿಫ್ಲೆಕ್ಸಿವ್ ಎಂದು ಪ್ರಬಂಧದ ಮೊದಲ ಪುಟದಲ್ಲೇ ಬರೆದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ. ಕ್ರಿಯೆಯ ಫಲ ಕರ್ತೃವಿನಲ್ಲೇ ಉಳಿಯುತ್ತದೆ ಎನ್ನುವುದು ಇವೆಲ್ಲಕ್ಕೂ ಸಮೀಪದ ವಿವರಣೆ. ಕರ್ಮದ ಜಾಗದಲ್ಲಿ ‘ತನ್ನನ್ನು’ ಇದ್ದಾಗ ಅದರಿಂದ ಆತ್ಮಾರ್ಥ ಹುಟ್ಟುತ್ತದೆ. ಅಂಗಾಂಗಗಳ ವಿಷಯದಲ್ಲಿ ‘ತನ್ನ’ವೂ ಬೇಡ: ‘ಹರಿ ಕೈ ಕೊಯ್ದ’ ಎಂದರೆ ಬೇರೆ ಯಾರದೋ ಕೈ, ‘ಹರಿ ಕೈ ಕೊಯ್ದುಕೊಂಡ’ ಎಂದರೆ ತನ್ನದೇ.

ಇನ್ನು ದೂರ ಹೋಗುವ ‘ತಾನು’. ಅದು ಎಲ್ಲಿಗಾದರೂ ಹೋಗುತ್ತದೆಯೆ? ಇಲ್ಲ. ಆಫ್ರಿಕಾದ ಕೆಲವು ಭಾಷೆಗಳಲ್ಲಿ, ಯಾರ ಮಾತು ಅಥವಾ ಯೋಚನೆಯನ್ನು ವರದಿ ಮಾಡುತ್ತಿದ್ದೇವೋ ಅವರನ್ನು ಸೂಚಿಸಲೆಂದೇ ಬೇರೆ ಸರ್ವನಾಮ ಇದೆ. ಇಂಥವಕ್ಕೆ 1974ರಲ್ಲಿ ಕ್ಲೋದ್ ಅಜೇಜ್ ‘ಲೋಗೊಫೋರಿಕ್’ ಎಂಬ ಹೆಸರಿಟ್ಟರು. ಘಾನಾ ಮತ್ತು ಟೋಗೊಗಳ ಎವೆ ಭಾಷೆಯ ಇಂಥ ಸರ್ವನಾಮವನ್ನು 1975ರಲ್ಲಿ ಜಾರ್ಜ್ ಕ್ಲೆಮೆಂಟ್ಸ್ ವಿವರಿಸಿದರು. ದೂರದ ‘ತಾನು’ವಿನ ನಡತೆ ಅದಕ್ಕೆ ಬಹಳ ಹತ್ತಿರ. ಪರೀಕ್ಷೆ ಹೀಗೆ: ಅಂಗಡಿಯ ಸಿಸಿಟಿವಿ ಪರದೆಯಲ್ಲಿ ಹರಿ ಒಬ್ಬನನ್ನು ನೋಡುತ್ತಾನೆ. ಆ ಮನುಷ್ಯನ ಅಂಗಿಗೆ ಬೆಂಕಿ ತಗುಲಿದೆ. ಅದು ತಾನೇ ಎಂದು ಹರಿಗೆ ಹೊಳೆದಿಲ್ಲ. ಈಗ ‘ತನ್ನ ಅಂಗಿಗೆ ಬೆಂಕಿ ತಗುಲಿದೆ ಎಂದು ಹರಿ ಅಂದುಕೊಂಡ’ ಎಂದರೆ ಸುಳ್ಳಾಗುತ್ತದೆ. ‘ಅವನ ಅಂಗಿಗೆ’ ಎಂದರೆ ನಿಜವಾಗುತ್ತದೆ. ‘ತಾನು’ ಬರಬೇಕಾದರೆ ಆ ಮನುಷ್ಯ ಮನಸ್ಸಿನಲ್ಲಿ ‘ನಾನು’ ಎಂದಿರಬೇಕು.

ಕ್ರಿಯಾಪದವೂ ಇದಕ್ಕೆ ಸಾಕ್ಷಿ ಹೇಳುತ್ತದೆ. ‘ತಾನು ಬರುತ್ತೇನೆ ಎಂದು ಹರಿ ಹೇಳಿದ’ ಎಂಬುದು ಅಪ್ಪಟ ಕನ್ನಡ. ಆದರೆ ‘ತಾನು ಬರುತ್ತೇನೆ’ ಎಂದು ಬಿಡಿ ವಾಕ್ಯವಾಗಿ ಹೇಳಿ ನೋಡಿ, ನಿಲ್ಲುವುದಿಲ್ಲ. ಪ್ರಥಮ ಪುರುಷದ ಸರ್ವನಾಮಕ್ಕೆ ಉತ್ತಮ ಪುರುಷದ ಕ್ರಿಯಾಪದ ಅಂಟುವುದು ‘ಎಂದು’ವಿನ ನೆರಳಿನಲ್ಲಿ ಮಾತ್ರ. ಇದು ನೇರ ಉದ್ಧರಣೆ ಇರಬಹುದು ಎಂದು ತಳ್ಳಿಹಾಕುವ ಹಾಗಿಲ್ಲ. ಹರಿಯ ಬಾಯಿಂದ ಬಂದ ಪದ ‘ನಾನು’, ‘ತಾನು’ ಅಲ್ಲವಲ್ಲ. ತಮಿಳು, ತೆಲುಗುಗಳಲ್ಲೂ ಈ ವಿದ್ಯಮಾನವಿದೆ, ಈಚಿನ ವರ್ಷಗಳಲ್ಲಿ ಅದರ ಬಗ್ಗೆ ಒಳ್ಳೆಯ ಕೆಲಸ ಆಗಿದೆ. ‘ತಾವು ಸ್ಪರ್ಧಿಸುವುದಿಲ್ಲ ಎಂದು ಸಚಿವರು ಹೇಳಿದರು’, ‘ತಾವು ರಾಜೀನಾಮೆ ನೀಡುವುದಾಗಿ ತಿಳಿಸಿದರು’ ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೀರಲ್ಲ, ಅಲ್ಲಿ ಪುರುಷ ತೋರಿಸದ ಕ್ರಿಯಾರೂಪಗಳು ಬಂದು ಈ ಇಕ್ಕಟ್ಟನ್ನು ದಾಟಿಸುತ್ತವೆ.

ಹಾಗೆಂದು ಎಲ್ಲ ‘ತನ್ನ’ವನ್ನೂ ದೃಷ್ಟಿಕೋನದ ಲೆಕ್ಕಕ್ಕೆ ಬರೆಯಬೇಡಿ. ‘ಭೂಮಿ ತನ್ನ ಅಕ್ಷದ ಸುತ್ತ ತಿರುಗುತ್ತದೆ’, ‘ಮರ ತನ್ನ ಎಲೆ ಉದುರಿಸಿತು’ ಎನ್ನುತ್ತೇವೆ. ಭೂಮಿಗೆ ಯೋಚನೆಯಿಲ್ಲ. ಇಲ್ಲಿ ಬಂಧ ಶುದ್ಧ ವಾಕ್ಯರಚನೆಯದು. ಉಪವಾಕ್ಯದ ಗಡಿ ದಾಟಿದ ಕೂಡಲೇ ಚಿತ್ರ ಬದಲಾಗುತ್ತದೆ. ‘ತನ್ನ ಮೇಲೆ ಮಂಗ ಹಾರಿದಾಗ ಹರಿ ಕಿರುಚಿದ’ ಸರಿ. ‘ತನ್ನ ಮೇಲೆ ಮಂಗ ಹಾರಿದಾಗ ಕೊಂಬೆ ಮುರಿಯಿತು’ ಎಂದರೆ ಕೊಂಬೆಗೆ ಜೀವ ಬಂದಂತೆ ಕೇಳಿಸುತ್ತದೆ. ನಿರ್ಜೀವ ಪೂರ್ವಗಾಮಿಗಳನ್ನು ಬಳಸಿ ವಾಕ್ಯರಚನೆ, ದೃಷ್ಟಿಕೋನ ಎಂಬ ಎರಡು ದಾರಿಗಳನ್ನು ಬೇರ್ಪಡಿಸುವ ಈ ಉಪಾಯವನ್ನು ಫ್ರೆಂಚಿನ ಮೇಲೆ ಇಸಬೆಲ್ ಶಾರ್ನಾವೆಲ್ ಮತ್ತು ಡೊಮಿನಿಕ್ ಸ್ಪೋರ್ಟಿಶ್ 2016ರಲ್ಲಿ ಪ್ರಯೋಗಿಸಿದರು. ಕನ್ನಡಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಪರೀಕ್ಷೆಯ ವಿಧಾನಕ್ಕೆ ಬರೋಣ. ಮೂರು ಅಂಶಗಳನ್ನು ಎರಡೆರಡು ಹಂತದಲ್ಲಿ ಬದಲಿಸಿ: ‘ತನ್ನನ್ನು’ ಅಥವಾ ‘ತನ್ನನ್ನು ತಾನೇ’; ‘ಕೊಳ್ಳು’ ಇದೆ ಅಥವಾ ಇಲ್ಲ; ಉದ್ದೇಶಿತ ಪೂರ್ವಗಾಮಿ ಹತ್ತಿರದ್ದು ಅಥವಾ ದೂರದ್ದು. ಒಟ್ಟು ಎಂಟು ಸ್ಥಿತಿಗಳು. ಇವುಗಳಲ್ಲಿ ದೂರದ ಅರ್ಥ ಸಿಗಬೇಕಾದದ್ದು ಒಂದರಲ್ಲೇ, ‘ಕೊಳ್ಳು’ ಇಲ್ಲದ ಬರೀ ‘ತನ್ನನ್ನು’ವಿನಲ್ಲಿ. ಹತ್ತಿರದ ಅರ್ಥ ಸಿಗಬಾರದದ್ದೂ ಅಲ್ಲೇ. ಸ್ಥಿತಿಗೆ ನಾಲ್ಕರಂತೆ 32 ವಾಕ್ಯಗಳು, ಕನಿಷ್ಠ ಅಷ್ಟೇ ಸಂಖ್ಯೆಯ ಸಂಬಂಧವಿಲ್ಲದ ವಾಕ್ಯಗಳು ನಡುನಡುವೆ. ಒಂದೇ ವಾಕ್ಯದ ಎಂಟೂ ರೂಪಗಳನ್ನು ಒಬ್ಬರಿಗೇ ತೋರಿಸಬೇಡಿ. ಎಂಟು ಪಟ್ಟಿ ಮಾಡಿ ಹಂಚಿ. ‘ಈ ವಾಕ್ಯ ಸರಿಯೆ?’ ಎಂದು ಕೇಳಿದರೆ ಜನ ಶಾಲೆಯ ವ್ಯಾಕರಣ ನೆನಪಿಸಿಕೊಂಡು ಉತ್ತರಿಸುತ್ತಾರೆ. ಎರಡು ಸಾಲಿನ ಸನ್ನಿವೇಶ ಕೊಟ್ಟು ‘ಇಲ್ಲಿ ಈ ಮಾತು ನಿಜವೆ?’ ಎಂದು ಕೇಳಿ.

ಕ್ರಿಯಾಪದಗಳನ್ನು ಆರಿಸುವಾಗ ಎಚ್ಚರ. ತೊಳೆ, ಬಾಚು, ಹಚ್ಚು ಇವುಗಳ ಸಹಜ ಬಳಕೆಯೇ ‘ಕೊಳ್ಳು’ ಜೊತೆಗಿನದು, ಅವು ಫಲಿತಾಂಶವನ್ನು ಒಂದು ಕಡೆ ವಾಲಿಸುತ್ತವೆ. ಹೊಗಳು, ಬೈ, ಹೊಡೆ, ಟೀಕಿಸು, ಈ ಬಗೆಯವು ಉತ್ತಮ. ‘ಹರಿ ತಾನೇ ಅಡುಗೆ ಮಾಡಿದ’ ಎಂಬ ಒತ್ತಿನ ‘ತಾನೇ’ಯೂ ‘ಬರ್ತೀಯ ತಾನೇ?’ ಎಂಬುದೂ ‘ತಂತಾನೆ’ಯೂ ಅನಾಫರ್ ಅಲ್ಲ, ಎಣಿಕೆಯಲ್ಲಿ ಸೇರಿಸಬೇಡಿ. ಎದುರಿಗಿರುವವರಿಗೆ ಮರ್ಯಾದೆಯಿಂದ ಹೇಳುವ ‘ತಾವು’ ಕೂಡ ಬೇರೆ.

‘ತಾನು’ವಿಗೆ ಲಿಂಗವಿಲ್ಲ. ಹಾಗಾಗಿ ಇಂಗ್ಲಿಷ್ ಪ್ರಯೋಗಗಳಲ್ಲಿ ಗಂಡುಹೆಣ್ಣು ಹೆಸರು ಬಳಸಿ ಪೂರ್ವಗಾಮಿಯನ್ನು ಪತ್ತೆ ಮಾಡುವ ಉಪಾಯ ನಮಗೆ ಒದಗದು. ಅದರ ಬದಲು ಗೌರವದ ಬಹುವಚನ ಬಳಸಿ.

(9) ಹರಿ ತಮ್ಮನ್ನು ಹೊಗಳಿದ ಎಂದು ಮೇಷ್ಟ್ರು ಹೇಳಿದರು.
(10) ಹರಿ ತಮ್ಮನ್ನು ಹೊಗಳಿಕೊಂಡ ಎಂದು ಮೇಷ್ಟ್ರು ಹೇಳಿದರು.

(9)ರಲ್ಲಿ ‘ತಮ್ಮನ್ನು’ ಮೇಷ್ಟ್ರನ್ನೇ ಹಿಡಿಯಬೇಕು, ಹಿಡಿಯುತ್ತದೆ. (10)ರಲ್ಲಿ ‘ಕೊಂಡ’ ಹರಿಯ ಕಡೆಗೆ ಎಳೆಯುತ್ತದೆ, ‘ತಮ್ಮ’ ಮೇಷ್ಟ್ರ ಕಡೆಗೆ ಎಳೆಯುತ್ತದೆ, ವಾಕ್ಯ ಕುಸಿಯುತ್ತದೆ. ಯಾರನ್ನು ಸೂಚಿಸುತ್ತದೆ ಎಂದು ಕೇಳುವ ಅಗತ್ಯವೇ ಇಲ್ಲದೆ, ಓದಿದವರ ತಡವರಿಕೆಯಿಂದಲೇ ಉತ್ತರ ಸಿಗುತ್ತದೆ. ಓದುವ ಸಮಯ ಅಳೆಯುವ ಸೌಲಭ್ಯ ವಿಭಾಗದಲ್ಲಿದ್ದರೆ ‘ಹೊಗಳಿಕೊಂಡ’ ಎಂಬ ಪದದ ಮೇಲೆ ನಿಲ್ಲುವ ಹೊತ್ತನ್ನು ಅಳೆಯಿರಿ. ಕಿರಿಯ ಸೋದರ ಎಂಬ ಅರ್ಥದ ‘ತಮ್ಮ’ ಅಡ್ಡ ಬರದಂತೆ ಸನ್ನಿವೇಶದಲ್ಲಿ ತಮ್ಮಂದಿರು ಯಾರೂ ಇಲ್ಲದ ಹಾಗೆ ನೋಡಿಕೊಳ್ಳಿ; ‘ತಮ್ಮನ್ನು’ ಮತ್ತು ‘ತಮ್ಮನನ್ನು’ ಬರಹದಲ್ಲಿ ಬೇರೆಯಾದರೂ ಬೇಗ ಓದುವಾಗ ಕಣ್ಣು ಜಾರುತ್ತದೆ.

ಕೊನೆಯದಾಗಿ ಮಾತು ಮತ್ತು ಬರಹವನ್ನು ಬೆರೆಸಬೇಡಿ. ಬೆಂಗಳೂರು, ಮೈಸೂರು ಕಡೆಯ ಆಡುಮಾತಿನಲ್ಲಿ ‘ತಾನು’ವಿನ ಜಾಗಕ್ಕೆ ‘ಅವನು’ ಬಂದು ಕೂರುವುದು ಸಾಮಾನ್ಯ: ‘ಅವ್ನು ಅವ್ನ ಮನೇಗ್ ಹೋದ’, ‘ಅವ್ನನ್ ಅವ್ನೇ ಹೊಗಳ್ಕೊಳ್ತಾನೆ’. ಈ ಎರಡನೆಯ ವಾಕ್ಯ ನೋಡಿ. ‘ತಾನು’ ಇಲ್ಲ, ಆದರೆ ಜೋಡಿಯ ರೂಪ ಹಾಗೇ ಇದೆ, ‘ಕೊಳ್ಳು’ವೂ ಇದೆ. ಸರ್ವನಾಮ ಬದಲಾದರೂ ರಚನೆ ಉಳಿದಿದೆ. ಪ್ರಶ್ನಾವಳಿಯನ್ನು ಬರಹದ ಕನ್ನಡದಲ್ಲಿ ಒಂದು, ಆಡುಮಾತಿನ ಧ್ವನಿಮುದ್ರಣದಲ್ಲಿ ಇನ್ನೊಂದು ಎಂದು ಬೇರೆಬೇರೆ ಮಾಡಿ, ಎರಡರ ಅಂಕಗಳನ್ನು ಕೂಡಿಸದೆ ಪಕ್ಕಪಕ್ಕ ಇಡಿ. ಉತ್ತರಿಸುವವರ ಊರು, ಮನೆಮಾತು, ಓದಿದ ಮಾಧ್ಯಮ ಈ ಮೂರನ್ನು ಪ್ರತಿಯೊಬ್ಬರಿಂದಲೂ ಬರೆಸಿಕೊಳ್ಳಿ. ಧಾರವಾಡದವರೂ ಮಂಗಳೂರಿನವರೂ ಬೆಂಗಳೂರಿನವರೂ ‘ಅವನ’ ಮತ್ತು ‘ತನ್ನ’ದ ನಡುವೆ ಎಲ್ಲಿ ಗೆರೆ ಎಳೆಯುತ್ತಾರೆ ಎಂಬುದನ್ನು ನಿಮ್ಮ ದತ್ತಾಂಶವೇ ಹೇಳಲಿ.